ಅಲಂಗ್‌ನಲ್ಲಿ ತೂಕದ ಅಂಗಡಿ, ಎಣಿಕೆಯ ಅಂಗಡಿ

ಹಳೆಯ ಹಡಗುಗಳನ್ನು ಒಡೆಯುವ ಗುಜರಾತಿನ ಅಲಂಗ್‌ಗೆ ಹೋಗಿ ಹಡಗಿನ ಹಳೆಯ ಸಾಮಾನು ಕೊಳ್ಳಬೇಕೆಂದಿರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ಎರಡು ಬಗೆಯ ಅಂಗಡಿಗಳಿವೆ. ಒಂದು ತೂಗಿ ಮಾರುತ್ತದೆ, ಇನ್ನೊಂದು ಎಣಿಸಿ ಮಾರುತ್ತದೆ. ನಾನು ಮೂರು ದಿನ ಸುತ್ತಿ ಎರಡೂ ಕಡೆ ದುಡ್ಡು ಕೊಟ್ಟು ಬಂದಿದ್ದೇನೆ. ಎಣಿಸಿ ಮಾರುವ ಅಂಗಡಿಯಲ್ಲಿ ಬೆಲೆ ಹೆಚ್ಚು. ಆದರೂ ಅಲ್ಲಿಗೇ ಹೋಗಿ ಎನ್ನುತ್ತೇನೆ. ಏಕೆಂದು ಹೇಳಲು ಸ್ವಲ್ಪ ಜಾಗ ಬೇಕು.

ನಾನು ಭಾರತೀಯ ನೌಕಾಪಡೆಯಲ್ಲಿ ಸ್ಟೋರ್ಸ್ ವಿಭಾಗದ ನಾವಿಕನಾಗಿದ್ದವನು. ಮುಂಬಯಿಯ ಮಲಾಡ್ ಕಡೆ ಇರುವ ಐಎನ್‌ಎಸ್ ಹಮ್ಲಾದಲ್ಲಿ ತರಬೇತಿ, ಆಮೇಲೆ ಹಡಗು, ಡಿಪೊ, ಮತ್ತೆ ಹಡಗು. ಕೊನೆಯ ವರ್ಷಗಳು ನಮ್ಮ ಕಾರವಾರದ ನೆಲೆಯಲ್ಲೇ ಕಳೆದವು. ಮೊಳೆಯಿಂದ ಹಿಡಿದು ಕಂಬಳಿಯವರೆಗೆ, ಅಕ್ಕಿ ಮೂಟೆಯಿಂದ ಪಂಪಿನ ಬಿಡಿಭಾಗದವರೆಗೆ, ಹಡಗಿಗೆ ಬಂದದ್ದನ್ನು ಬರೆದುಕೊಳ್ಳುವುದು, ಇಟ್ಟ ಜಾಗ ನೆನಪಿಡುವುದು, ಕೇಳಿದಾಗ ತೆಗೆದುಕೊಡುವುದು ನನ್ನ ಕೆಲಸ. ನಿವೃತ್ತನಾಗಿ ಅಂಕೋಲಾಕ್ಕೆ ಬಂದ ಮೇಲೆ ಅಕ್ಕನ ಮಗ ಹೆದ್ದಾರಿಯ ಪಕ್ಕ ಮೀನೂಟದ ಖಾನಾವಳಿ ತೆರೆಯಲು ಹೊರಟ. "ಮಾಮಾ, ಪಾತ್ರೆ, ಮೇಜು, ಕಪಾಟು ಎಲ್ಲ ಹೊಸದು ಕೊಂಡರೆ ಸಾಲ ತೀರುವುದರೊಳಗೆ ನನ್ನ ಕೂದಲು ಹಣ್ಣಾಗುತ್ತದೆ. ಅಲಂಗ್‌ನಲ್ಲಿ ಅಗ್ಗಕ್ಕೆ ಸಿಗುತ್ತದಂತೆ, ನೀವೇ ನೋಡಿ ಆರಿಸಬೇಕು" ಎಂದ. ಹೊರಟೆ.

ಸೂರತ್‌ವರೆಗೆ ರೈಲಿನಲ್ಲಿ ಹೋದೆ. ಅಲ್ಲಿಂದ ಮುಂದೆ ಖಂಭಾತ್ ಕೊಲ್ಲಿಯನ್ನು ಸುತ್ತಿ ರಸ್ತೆಯಲ್ಲಿ ಹೋಗುವ ಬದಲು ಹಜೀರಾದಿಂದ ಘೋಘಾಕ್ಕೆ ಹೋಗುವ ರೋಪ್ಯಾಕ್ಸ್ ಹಡಗು ಹತ್ತಿದೆ. 2020ರ ನವೆಂಬರ್‌ನಲ್ಲಿ ಶುರುವಾದ ಈ ಸೇವೆ ಲಾರಿ, ಕಾರುಗಳನ್ನೂ ಹತ್ತಿಸಿಕೊಳ್ಳುತ್ತದೆ. ನೂರಾರು ಕಿಲೋಮೀಟರ್ ರಸ್ತೆ ಉಳಿಯುತ್ತದೆ. ಸಾಮಾನು ತುಂಬಿದ ಗಾಡಿಯೊಂದಿಗೆ ಮರಳುವವರಿಗೆ ಇದು ದೊಡ್ಡ ಅನುಕೂಲ. ಘೋಘಾದಿಂದ ಭಾವನಗರ ಹತ್ತಿರ, ಭಾವನಗರದಿಂದ ಅಲಂಗ್ ಸುಮಾರು 50 ಕಿಲೋಮೀಟರ್.

ಅಲಂಗ್‌ನ ಕಡಲತೀರದಲ್ಲಿ 1983ರಿಂದ ಹಡಗು ಒಡೆಯುತ್ತಿದ್ದಾರೆ. ಅಲ್ಲಿ ಭರತ ಬಂದಾಗ ನೀರು ಹತ್ತು ಮೀಟರ್‌ನಷ್ಟು ಏರುತ್ತದೆ. ಆ ಏರಿಕೆಯ ಮೇಲೆ ಹಡಗನ್ನು ಪೂರ್ತಿ ವೇಗದಲ್ಲಿ ತಂದು ದಡಕ್ಕೆ ಹತ್ತಿಸುತ್ತಾರೆ, ಇಳಿತ ಬಂದಾಗ ಅದು ಕೆಸರಿನಲ್ಲಿ ಕುಳಿತುಬಿಡುತ್ತದೆ. ನಮ್ಮಂಥವರನ್ನು ಯಾರ್ಡ್‌ನ ಒಳಗೆ ಬಿಡುವುದಿಲ್ಲ, ಬಿಡಲೂ ಬಾರದು. ನಾವು ನೋಡಬೇಕಾದದ್ದು ಹೊರಗೆ, ತ್ರಾಪಜ್ ಕಡೆಯಿಂದ ಬರುವ ರಸ್ತೆಯ ಎರಡೂ ಬದಿ ಹಬ್ಬಿರುವ ಮಾರುಕಟ್ಟೆಯನ್ನು. ಅಲ್ಲಿಯವರು ಈ ಅಂಗಡಿಗಳನ್ನು ಖಾಡಾ ಎನ್ನುತ್ತಾರೆ. ಹಡಗಿನ ಉಕ್ಕು ಮಿಲ್ಲಿಗೆ ಹೋಗುತ್ತದೆ, ಉಕ್ಕಲ್ಲದ್ದೆಲ್ಲ ಈ ಖಾಡಾಗಳಿಗೆ ಬರುತ್ತದೆ. ಒಂದು ಕಡೆ ಬರೀ ಹಾಸಿಗೆ, ಇನ್ನೊಂದು ಕಡೆ ಬರೀ ಬಾಗಿಲು, ಮುಂದೆ ಹೋದರೆ ಹಗ್ಗದ ಗುಡ್ಡ, ಅದರಾಚೆ ಬಿಸಿಲಿಗೆ ಬಣ್ಣ ಕಳೆದುಕೊಂಡ ಕಿತ್ತಳೆ ಲೈಫ್‌ಬೋಟ್‌ಗಳು ಸಾಲಾಗಿ ಮಲಗಿವೆ. ಪಿಂಗಾಣಿ ಒಂದು ಕಡೆ, ವ್ಯಾಯಾಮದ ಯಂತ್ರಗಳು ಒಂದು ಕಡೆ, ಮೋಟಾರುಗಳು ಇನ್ನೊಂದು ಕಡೆ.

ಮೊದಲ ದಿನ ನಾನು ಏನೂ ಕೊಳ್ಳಲಿಲ್ಲ. ಸುಮ್ಮನೆ ನಡೆದೆ. ನೋಡುತ್ತ ಹೋದಂತೆ ಮನಸ್ಸು ಭಾರವಾಯಿತು. ಒಂದು ಅಂಗಡಿಯಲ್ಲಿ ಗ್ರೀಸ್ ಕಾಗದ ಬಿಚ್ಚದ ಬೇರಿಂಗ್‌ಗಳನ್ನು ಗೋಣಿಚೀಲಕ್ಕೆ ಸುರಿದು ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದರು. ಯಾವುದೋ ಸಮುದ್ರದಲ್ಲಿ ಯಾರೋ ಒಬ್ಬ ಎಂಜಿನಿಯರ್ "ಇದು ಬೇಕೇ ಬೇಕು" ಎಂದು ಬರೆದು ತರಿಸಿದ್ದು, ಇನ್ನೊಬ್ಬ ಎಣಿಸಿ ಕಪಾಟಿನಲ್ಲಿ ಇಟ್ಟದ್ದು, ಹಡಗಿನ ಆಯುಷ್ಯ ಮುಗಿಯುವವರೆಗೂ ಯಾರಿಗೂ ಬೇಕಾಗದೆ ಉಳಿದದ್ದು. ಚೀಟಿ ಹರಿದುಹೋಗಿತ್ತು, ಅಳತೆ ಗೊತ್ತಿಲ್ಲ, ಯಾವ ಯಂತ್ರದ್ದೆಂದು ಗೊತ್ತಿಲ್ಲ. ಹೊಚ್ಚ ಹೊಸ ಬೇರಿಂಗ್ ಗುಜರಿ ಕಬ್ಬಿಣವಾಗಲು ಚೀಟಿಯೊಂದು ಹರಿದರೆ ಸಾಕು.

ಯುದ್ಧನೌಕೆಯ ಸಾಮಾನು ಈ ದಾರಿಯಲ್ಲಿ ಬರುವುದಿಲ್ಲ. ನೌಕಾಪಡೆ ಒಂದು ಹಡಗನ್ನು ಸೇವೆಯಿಂದ ಬಿಡುಗಡೆ ಮಾಡುವ ಮೊದಲು ಅದರ ದಾಸ್ತಾನನ್ನು ದಡಕ್ಕೆ ಇಳಿಸುತ್ತದೆ. ಬಳಕೆಗೆ ಬರುವುದು ಡಿಪೊಗೆ, ಸೋದರ ಹಡಗುಗಳಿಗೆ. ಬಾರದ್ದು ತಪಾಸಣೆಯಾಗಿ ಹರಾಜಿಗೆ. ವಿಮಾನವಾಹಕ ನೌಕೆ ಐಎನ್‌ಎಸ್ ವಿರಾಟ್ 2020ರ ಸೆಪ್ಟೆಂಬರ್‌ನಲ್ಲಿ ಅಲಂಗ್‌ಗೆ ಬಂದಾಗ ಅದು ಎಳೆದು ತಂದ ಖಾಲಿ ಒಡಲು. ಬಾಯ್ಲರ್, ಎಂಜಿನ್, ಪ್ರೊಪೆಲ್ಲರ್‌ಗಳನ್ನು 2016ರಲ್ಲೇ ಕೊಚ್ಚಿಯಲ್ಲಿ ಕಳಚಿದ್ದರು. ವ್ಯಾಪಾರಿ ಹಡಗುಗಳು ಹಾಗಲ್ಲ. ಕೊನೆಯ ದಿನದವರೆಗೂ ಅಡುಗೆಯವನು ಅಡುಗೆ ಮಾಡುತ್ತಿರುತ್ತಾನೆ, ಎಂಜಿನ್ ಓಡುತ್ತಿರುತ್ತದೆ. ದಡ ಹತ್ತಿದ ಮೇಲೆ ಸಿಬ್ಬಂದಿ ಚೀಲ ಹೊತ್ತು ಇಳಿಯುತ್ತಾರೆ, ಮಿಕ್ಕದ್ದೆಲ್ಲ ಇದ್ದಲ್ಲೇ ಇರುತ್ತದೆ.

ಇಲ್ಲಿ ನನ್ನ ಕಥೆಯೊಂದನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಹಡಗಿನಲ್ಲಿ ಹೆಚ್ಚುವರಿ ಸಾಮಾನು ಎಂದರೆ ಒಳ್ಳೆಯದೇ ತಾನೆ, ಕಡಿಮೆ ಬೀಳುವುದಕ್ಕಿಂತ ಮೇಲಲ್ಲವೇ ಎಂದು ಎಷ್ಟೋ ಜನ ಕೇಳಿದ್ದಾರೆ. ನಾನಿದ್ದ ಒಂದು ಫ್ರಿಗೇಟ್ ಯುದ್ಧನೌಕೆಯಲ್ಲಿ, ಅರಬ್ಬೀ ಸಮುದ್ರದ ನಡುವೆ, ಸಿಹಿನೀರು ಮಾಡುವ ಯಂತ್ರದ ಪಂಪಿನಲ್ಲಿ ಸೋರಿಕೆ ತಡೆಯುವ ಸೀಲ್ ಹೋಯಿತು. ಇನ್ನೂರೈವತ್ತಕ್ಕೂ ಹೆಚ್ಚು ಜನರಿದ್ದ ಹಡಗು. ನನ್ನ ಲೆಡ್ಜರ್‌ನಲ್ಲಿ ಆ ಸೀಲ್ ಸೊನ್ನೆ. ಅದೇ ಕಪಾಟಿನಲ್ಲಿ ಇನ್ನೊಂದು ಪಂಪಿನ ಸೀಲ್‌ಗಳು ಹದಿನಾಲ್ಕು ಇದ್ದವು. ಆ ಪಂಪನ್ನು ಹಿಂದಿನ ರೀಫಿಟ್‌ನಲ್ಲಿ, ಅಂದರೆ ದೊಡ್ಡ ದುರಸ್ತಿಯಲ್ಲಿ, ಕಿತ್ತು ಬೇರೆ ಹಾಕಿದ್ದರು. ಯಂತ್ರ ಹೋಗಿತ್ತು, ಅದರ ಬಿಡಿಭಾಗಗಳನ್ನು ದಡಕ್ಕೆ ಹಿಂತಿರುಗಿಸಲು ಯಾರಿಗೂ ನೆನಪಾಗಿರಲಿಲ್ಲ. ಮೂರು ದಿನ ನೀರಿಗೆ ಪಡಿತರ. ಸ್ನಾನ ಇಲ್ಲ, ಬಟ್ಟೆ ಒಗೆಯುವಂತಿಲ್ಲ, ಅಡುಗೆಮನೆಗೆ ಮತ್ತು ಕುಡಿಯುವುದಕ್ಕೆ ಮಾತ್ರ. ಬಿಸಿ ಎಂಜಿನ್ ರೂಮಿನಿಂದ ಕಾವಲು ಮುಗಿಸಿ ಮೇಲೆ ಬರುವ ಹುಡುಗರ ಮುಖ ನೋಡಲಾಗುತ್ತಿರಲಿಲ್ಲ. ನಾಲ್ಕನೆಯ ದಿನ ಬಣ್ಣದ ಡಬ್ಬಿಗಳ ಹಿಂದೆ ಒಂದು ಬಿಸ್ಕತ್ ಡಬ್ಬಿ ಸಿಕ್ಕಿತು. ಬಟ್ಟೆ ಸುತ್ತಿದ ಎರಡು ಸೀಲ್, ಬೇಕಾಗಿದ್ದ ಅಳತೆಯವೇ. ಹಿಂದೆ ಇದ್ದ ಯಾರೋ ಒಬ್ಬ ಒಳ್ಳೆಯ ಕೆಲಸಗಾರ, ಮುಂದೆ ಕಷ್ಟ ಬಂದರೆ ಇರಲಿ ಎಂದು ಲೆಕ್ಕದಿಂದ ಹೊರಗೆ ಎತ್ತಿಟ್ಟು, ವರ್ಗವಾಗಿ ಹೋಗಿದ್ದ. ಅವನ ಉದ್ದೇಶದಲ್ಲಿ ಒಂದಿಷ್ಟೂ ಕೆಟ್ಟದ್ದಿರಲಿಲ್ಲ. ಆದರೆ ಅವನು ಎತ್ತಿಟ್ಟದ್ದು ಮೂರು ದಿನ ನಮ್ಮ ಪಾಲಿಗೆ ಇರಲೇ ಇಲ್ಲ.

ಅಂದಿನಿಂದ ದಾಸ್ತಾನು ಎಣಿಕೆಯಲ್ಲಿ ನಾಲ್ಕು ಕಡಿಮೆ ಬಂದರೂ ನಾಲ್ಕು ಹೆಚ್ಚು ಬಂದರೂ ನನಗೆ ಒಂದೇ ಸಂಕಟ. ಹೆಚ್ಚು ಬಂತೆಂದರೆ ಎಲ್ಲೋ ಬರೆದುಕೊಂಡಿಲ್ಲ, ಇಲ್ಲವೇ ಬೇರೆ ಯಾರಿಗೋ ಹೋಗಬೇಕಾದ್ದು ಇಲ್ಲಿ ಕೂತಿದೆ ಎಂದರ್ಥ. ಹಡಗಿನಲ್ಲಿ ಜಾಗ ಕಡಿಮೆ. ಮೇಲಿನ ಡೆಕ್‌ಗಳಲ್ಲಿ ತೂಕ ಸೇರುತ್ತ ಹೋದರೆ ಹಡಗಿನ ಸಮತೋಲವೇ ಕೆಡುತ್ತದೆ. ಹೆಚ್ಚುವರಿ ಬಣ್ಣ, ಎಣ್ಣೆ ಎಂದರೆ ಬೆಂಕಿಗೆ ಮೇವು. ರಬ್ಬರ್ ಉಂಗುರ, ಬ್ಯಾಟರಿ, ಅಂಟು ಇವುಗಳಿಗೆ ಅವಧಿ ಇದೆ, ಕಪಾಟಿನಲ್ಲೇ ಮುದಿಯಾಗುತ್ತವೆ. ಆದರೂ ಹೆಚ್ಚುತ್ತವೆ. ಬೇಡಿಕೆ ಕಳಿಸಿ ತಿಂಗಳಾದರೂ ಬರಲಿಲ್ಲವೆಂದು ಮತ್ತೊಮ್ಮೆ ಕಳಿಸುತ್ತಾರೆ, ಎರಡೂ ಒಟ್ಟಿಗೆ ಬರುತ್ತವೆ. ಎರಡು ಬೇಕಾದರೆ ಪೆಟ್ಟಿಗೆಯಲ್ಲಿ ಹನ್ನೆರಡು ಬರುತ್ತವೆ. ದೂರದ ಯಾನಕ್ಕೆ ಹೊರಡುವ ಮುನ್ನ ಪ್ರತಿ ವಿಭಾಗವೂ ಭಯದಿಂದ ಒಂದಿಷ್ಟು ಜಾಸ್ತಿ ಬರೆಯುತ್ತದೆ. ಭಯ ತಪ್ಪಲ್ಲ, ಸಮುದ್ರದಲ್ಲಿ ಅಂಗಡಿ ಇಲ್ಲ. ಮರಳಿ ಬಂದ ಮೇಲೆ ಉಳಿದದ್ದನ್ನು ಒಪ್ಪಿಸದಿರುವುದು ತಪ್ಪು.

ಈ ಕಣ್ಣಿನಿಂದಲೇ ಎರಡನೆಯ ದಿನ ಅಂಗಡಿಗಳನ್ನು ನೋಡಿದೆ. ಅಲಂಗ್ ಹತ್ತಿರವಾಗುವ ಕಡೆ, ಅಡುಗೆಮನೆ ಸಾಮಾನಿನ ಒಂದು ಉದ್ದನೆಯ ತಗಡಿನ ಶೆಡ್. ಮಾಲೀಕರು ಎಪ್ಪತ್ತರ ಆಸುಪಾಸಿನ ಹಿರಿಯರು, ಜೊತೆಗೆ ಮೊಮ್ಮಗ. ಹೆಸರು ಬರೆಯುವುದು ಬೇಡ ಎಂದರು, ಅದಕ್ಕೆ ಬರೆಯುವುದಿಲ್ಲ. ಶೆಡ್‌ನ ಒಳಗೆ ಸಾಲು ಸಾಲು ಕಪಾಟು, ಪ್ರತಿ ಸಾಲಿನ ತುದಿಗೂ ಸೀಮೆಸುಣ್ಣದಲ್ಲಿ ಹಡಗಿನ ಹೆಸರು. ಒಂದು ಹಡಗಿನ ಸಾಮಾನು ಇನ್ನೊಂದರ ಜೊತೆ ಬೆರೆಸಿಲ್ಲ. ಪೆಟ್ಟಿಗೆಗಳ ಮೇಲೆ ಚೀಟಿ ಹಾಗೇ ಇದೆ, ಹರಿದಲ್ಲಿ ಪಾರದರ್ಶಕ ಟೇಪು ಅಂಟಿಸಿದ್ದಾರೆ. ಬಾಗಿಲ ಬಳಿ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ. ನಾನು ಕಪಾಟಿನ ಮುಂದೆ ನಿಂತು ಚೀಟಿಯ ಮೇಲಿನ ಆರಂಕಿಯ ಸಂಖ್ಯೆ ಓದುತ್ತಿದ್ದುದನ್ನು ನೋಡಿ ಹಿರಿಯರೇ ಬಂದರು.

"ಸಾಹೇಬರು ಹಡಗಿನವರೇ?" ಎಂದು ಕೇಳಿದರು.

"ನೌಕಾಪಡೆಯ ಸ್ಟೋರ್‌ನವನು" ಎಂದೆ.

"ಹಾಗಿದ್ದರೆ ನಿಮಗೆ ಹೇಳುವುದೇನಿದೆ. ಈ ನಂಬರ್ ಇರುವವರೆಗೆ ಸಾಮಾನು. ಹರಿದರೆ ಭಂಗಾರ" ಎಂದರು. ಭಂಗಾರವೆಂದರೆ ಅಲ್ಲಿ ಗುಜರಿ.

ಆ ಆರಂಕಿ ಇಂಪಾ ಸಂಖ್ಯೆ. ವ್ಯಾಪಾರಿ ಹಡಗುಗಳಿಗೆ ಸಾಮಾನು ಪೂರೈಸುವವರು ಬಳಸುವ ಸಂಕೇತ. 17ರಿಂದ ಆರಂಭವಾದರೆ ತಟ್ಟೆ, ಪಾತ್ರೆ, ಅಡುಗೆಮನೆಯ ವಸ್ತು. 21 ಹಗ್ಗ. 33 ಸುರಕ್ಷತಾ ಸಾಧನ. ಜಗತ್ತಿನ ಯಾವ ಬಂದರಿನಲ್ಲಿ ನಿಂತು ಆ ಸಂಖ್ಯೆ ಹೇಳಿದರೂ ಅದೇ ವಸ್ತು ಬರುತ್ತದೆ. ನೇಟೊ ದೇಶಗಳ ಸೇನೆಗಳಲ್ಲಿ ಇದೇ ಕೆಲಸಕ್ಕೆ ಹದಿಮೂರು ಅಂಕಿಯ ಸಂಖ್ಯೆ ಇದೆ. ಮೊದಲ ನಾಲ್ಕು ವಸ್ತುವಿನ ವರ್ಗ, ಮುಂದಿನ ಎರಡು ದೇಶ, ಉಳಿದ ಏಳು ಆ ವಸ್ತುವಿನದೇ ಗುರುತು. 5331 ಎಂದರೆ ರಬ್ಬರ್ ಉಂಗುರ, 99 ಎಂದರೆ ಬ್ರಿಟನ್. ಇಂಥ ಸಂಖ್ಯೆಗಳನ್ನು ಓದುತ್ತ ಇಡೀ ಆಯುಷ್ಯ ಕಳೆದವನಿಗೆ, ಗುಜರಿಯ ನಡುವೆ ಸಂಖ್ಯೆಗೆ ಟೇಪು ಅಂಟಿಸಿ ಕಾಪಾಡಿದವರನ್ನು ಕಂಡಾಗ ಆದ ಸಂತೋಷ ಸಣ್ಣದಲ್ಲ.

ಕೊಂಡದ್ದರ ಬಗ್ಗೆ ಹೇಳುತ್ತೇನೆ. ಒಂದು ದೊಡ್ಡ ಸ್ಟೀಲ್ ಮೇಜು. ಹಡಗಿನ ಅಡುಗೆಮನೆಯ ಮೇಜಿಗೆ ನಾಲ್ಕೂ ಅಂಚಿನಲ್ಲಿ ಸಣ್ಣ ದಂಡೆ ಇರುತ್ತದೆ, ಹಡಗು ಓಲಾಡಿದಾಗ ಪಾತ್ರೆ ಜಾರಬಾರದೆಂದು. ಅಂಕೋಲಾದಲ್ಲಿ ನೆಲ ಓಲಾಡುವುದಿಲ್ಲ, ಆದರೆ ಮೀನು ಹೆಚ್ಚಿದ ನೀರು ನೆಲಕ್ಕೆ ಹರಿಯದಂತೆ ಆ ದಂಡೆಯೇ ತಡೆಯುತ್ತದೆ. ಎರಡು ಕಪಾಟು, ಪ್ರತಿ ಹಲಗೆಯ ಮುಂದೆ ಎತ್ತಿ ತೆಗೆಯುವ ಅಡ್ಡಪಟ್ಟಿ ಇರುವವು. ಡಬ್ಬಿ ಎಷ್ಟು ಒತ್ತಿ ಇಟ್ಟರೂ ಬೀಳುವುದಿಲ್ಲ. ಸ್ಟೀಲ್ ಪಟ್ಟಿಯ ದಪ್ಪ, ಬೆಸುಗೆಯ ಅಚ್ಚುಕಟ್ಟು ನೋಡಿದರೆ ಊರಿನಲ್ಲಿ ಇಂಥದ್ದು ಮಾಡಿಸುವುದು ಸಾಧ್ಯವಿಲ್ಲ. ಹಿರಿಯರು ಮೇಜನ್ನು ತೂಗಲಿಲ್ಲ. ಪುಸ್ತಕ ತೆರೆದು, ಯಾವ ಹಡಗಿನದು, ಎಷ್ಟು ಮೇಜು ಬಂದಿದ್ದವು, ಇದು ಎಷ್ಟನೆಯದು ಎಂದು ನೋಡಿ ಬೆಲೆ ಹೇಳಿದರು. ಸ್ವಲ್ಪ ಚೌಕಾಸಿಗೆ ಒಪ್ಪಿದರು, ಹೆಚ್ಚಿಗೆ ಇಲ್ಲ. ನಾನೂ ಎಳೆಯಲಿಲ್ಲ.

ಅವರ ಬಳಿ ತಟ್ಟೆ ಮುಗಿದಿತ್ತು. ಅದಕ್ಕಾಗಿ ರಸ್ತೆಯ ಆಚೆಯ ಇನ್ನೊಂದು ಅಂಗಡಿಗೆ ಹೋದದ್ದು ನನ್ನ ದುಡುಕು. ಅದು ತೂಕದ ಅಂಗಡಿ. ದಪ್ಪನೆಯ ಬಿಳಿ ಪಿಂಗಾಣಿ ತಟ್ಟೆಗಳು, ಹಿಂದೆ ಹಡಗು ಕಂಪನಿಯ ಗುರುತು, ನೋಡಲು ಚೆಂದ. ಅರವತ್ತು ತಟ್ಟೆ ಕೇಳಿದೆ. ಕಟ್ಟು ಬಿಚ್ಚಬೇಡಿ, ಒಡೆದುಹೋಗುತ್ತವೆ, ಮೇಲಿನದನ್ನು ನೋಡಿದರೆ ಸಾಕು ಎಂದರು. ಮೇಲಿನದು ಚೆನ್ನಾಗಿತ್ತು, ಕೆಳಗಿನದೂ ಚೆನ್ನಾಗಿತ್ತು. ಊರಿಗೆ ಬಂದು ಬಿಚ್ಚಿದಾಗ ನಡುವಿನ ಏಳು ತಟ್ಟೆಗಳಲ್ಲಿ ಕೂದಲೆಳೆಯಂಥ ಬಿರುಕು. ಬಿಸಿ ಸಾರು ಹಾಕಿದರೆ ಬಾಯಿ ಬಿಡುತ್ತವೆ. ನೀವು ಹೋದರೆ ಪ್ರತಿ ತಟ್ಟೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ತಟ್ಟೆ ಗಂಟೆಯಂತೆ ನುಡಿಯುತ್ತದೆ, ಬಿರುಕಿನದು ಮಂಕು ಸದ್ದು ಮಾಡುತ್ತದೆ. ತಟ್ಟಲು ಬಿಡದ ಅಂಗಡಿಯಿಂದ ಎದ್ದು ಬನ್ನಿ.

ಮೂರನೆಯ ದಿನ ಫ್ರೀಜರ್. ಸೋದರಳಿಯನಿಗೆ ಇದೇ ಮುಖ್ಯ, ಫೋನಿನಲ್ಲಿ ಬೆಳಗಿನಿಂದ ಕೇಳುತ್ತಿದ್ದ. ಒಳ್ಳೆಯ ಹಡಗಿನ ಫ್ರೀಜರ್, ಬಾಗಿಲು ಭದ್ರ, ಬೆಲೆ ನಂಬಲಾರದಷ್ಟು ಕಡಿಮೆ. ಅಂಗಡಿಯವನು ಮೂರು ಫೇಸ್ ಕೊಟ್ಟರೆ ಸಾಕು, ನೇರ ಓಡುತ್ತದೆ ಎಂದ. ನಾನು ಹಿಂದಿನ ತಗಡಿನ ಫಲಕ ಒರೆಸಿ ಓದಿದೆ. 440 ವೋಲ್ಟ್, 60 ಹರ್ಟ್ಜ್. ಬಹಳಷ್ಟು ಹಡಗುಗಳಲ್ಲಿ ವಿದ್ಯುತ್ ಇರುವುದೇ ಹೀಗೆ. ನಮ್ಮ ದಡದಲ್ಲಿ 415 ವೋಲ್ಟ್, 50 ಹರ್ಟ್ಜ್. 60ರ ಮೋಟಾರನ್ನು 50ಕ್ಕೆ ಕೊಟ್ಟರೆ ಅದು ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ, ತಂಪು ಕಡಿಮೆಯಾಗುತ್ತದೆ. ವೋಲ್ಟೇಜನ್ನು ಆವರ್ತನಕ್ಕೆ ತಕ್ಕಷ್ಟು ಇಳಿಸದ ಕಾರಣ ಮೋಟಾರ್ ಬಿಸಿಯಾಗುತ್ತದೆ. ಮೊದಲ ವಾರ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬೇಸಿಗೆಯಲ್ಲಿ ಒಂದು ರಾತ್ರಿ ಬಂಗಡೆಯ ರಾಶಿಯೊಂದಿಗೆ ನಿಂತುಹೋಗುತ್ತದೆ. ಅಳಿಯ ಫೋನಿನಲ್ಲಿ ಸಿಟ್ಟಾದ. ನಾನು ಒಪ್ಪಲಿಲ್ಲ. ಫ್ರೀಜರ್ ಹೊಸದನ್ನು ಊರಿನಲ್ಲೇ ಕೊಂಡೆವು. ಅಲಂಗ್‌ನಲ್ಲಿ ಮೋಟಾರ್ ಇರುವ ಯಾವುದನ್ನೇ ಮುಟ್ಟುವ ಮೊದಲು ಆ ಫಲಕ ಓದಿ.

ಇನ್ನು ಯಾವ ಬೆಲೆಗೂ ಕೊಳ್ಳಬಾರದವು. ಲೈಫ್‌ಜಾಕೆಟ್, ಗಾಳಿ ತುಂಬುವ ರಾಫ್ಟ್, ಅಪಾಯದಲ್ಲಿ ಸಂಕೇತ ಕೊಡಲು ಹಾರಿಸುವ ಬಾಣಬಿರುಸು. ಗೋಕರ್ಣದ ಕಡೆ ದೋಣಿ ನಡೆಸುವವರು ಕೆಲವರು ಇವನ್ನು ತರಿಸುತ್ತಾರೆ ಎಂದು ಕೇಳಿದ್ದೇನೆ, ಕೈ ಮುಗಿದು ಹೇಳುತ್ತೇನೆ, ಬೇಡ. ರಾಫ್ಟ್‌ಗೆ ವರ್ಷವರ್ಷ ಪರಿಶೀಲನೆ ಆಗಬೇಕು, ಬಾಣಬಿರುಸಿಗೆ ಅವಧಿ ಇದೆ, ಜಾಕೆಟ್‌ನ ಹೊಲಿಗೆ ಬಿಸಿಲಿಗೆ ಸತ್ತಿರುತ್ತದೆ. ಮುಳುಗುವವನು ಅದನ್ನು ನಂಬಿ ಹಾರುತ್ತಾನೆ. ಹಳೆಯ ಹಡಗುಗಳ ಬಾಗಿಲ ಹಲಗೆ, ಪೈಪಿನ ಸುತ್ತು, ಒಲೆಯ ಶಾಖ ತಡೆಯುವ ಹೊದಿಕೆ ಇವುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. 2002ರ ಜುಲೈವರೆಗೆ ಹಡಗುಗಳಲ್ಲಿ ಅದಕ್ಕೆ ವ್ಯಾಪಕ ತಡೆ ಇರಲಿಲ್ಲ. ಮನೆಗೆ ತಂದು ಗರಗಸ ಹಾಕಿದರೆ ಆ ಧೂಳು ಮಕ್ಕಳ ಎದೆಗೆ ಹೋಗುತ್ತದೆ.

ಹಡಗು ಒಡೆಯುವುದರ ಬಗೆಗಿನ ಅಂತರರಾಷ್ಟ್ರೀಯ ಹಾಂಗ್‌ಕಾಂಗ್ ಒಪ್ಪಂದ 2025ರ ಜೂನ್ 26ರಿಂದ ಜಾರಿಗೆ ಬಂದಿದೆ. ಒಡೆಯಲು ಹೋಗುವ ಹಡಗು ತನ್ನೊಳಗಿನ ಅಪಾಯಕಾರಿ ವಸ್ತುಗಳ ಪಟ್ಟಿ ತರಬೇಕು. ಆ ಪಟ್ಟಿಗೆ ಮೂರು ಭಾಗ. ಮೊದಲನೆಯದು ಹಡಗಿನ ರಚನೆ ಮತ್ತು ಯಂತ್ರಗಳಲ್ಲಿರುವುದು, ಎರಡನೆಯದು ಓಡಾಟದಲ್ಲಿ ಹುಟ್ಟುವ ತ್ಯಾಜ್ಯ, ಮೂರನೆಯದು ಸ್ಟೋರ್ಸ್, ಅಂದರೆ ಕಪಾಟಿನಲ್ಲಿ ಉಳಿದ ದಾಸ್ತಾನು. ಯುದ್ಧನೌಕೆಗಳಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ. ಆದರೆ ಉಳಿದ ದಾಸ್ತಾನಿಗೂ ಒಂದು ಭಾಗವನ್ನೇ ಮೀಸಲಿಟ್ಟದ್ದನ್ನು ಓದಿದಾಗ ನಮ್ಮ ಕೆಲಸವನ್ನು ಬಲ್ಲ ಯಾರೋ ಆ ಮೇಜಿನ ಸುತ್ತ ಕುಳಿತಿದ್ದರು ಅನಿಸಿತು.

ಸಾಗಣೆಗೆ ಅಲ್ಲೇ ಲಾರಿ ಏಜೆಂಟರು ಸಿಗುತ್ತಾರೆ. ಬಿಲ್ ಕೇಳಿ ಪಡೆಯಿರಿ, ಎಣಿಕೆಯ ಅಂಗಡಿಯಲ್ಲಿ ಕೇಳದೆಯೇ ಕೊಟ್ಟರು, ಇನ್ನೊಂದರಲ್ಲಿ ಎರಡು ಸಲ ಕೇಳಬೇಕಾಯಿತು. ಉಳಿಯುವುದಕ್ಕೆ ಭಾವನಗರವೇ ಒಳ್ಳೆಯದು. ಹಿಂದಿ ಬಂದರೆ ಸಾಕು, ಮಾತಿಗೆ ತೊಂದರೆ ಇಲ್ಲ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನ ತಗಡಿನ ಶೆಡ್‌ಗಳ ಒಳಗೆ ನಿಲ್ಲಲಾಗುವುದಿಲ್ಲ. ಒಟ್ಟು ಮಾರುಕಟ್ಟೆಗೆ ಐದಕ್ಕೆ ಮೂರು ಕೊಡುತ್ತೇನೆ. ಆ ಹಿರಿಯರ ಶೆಡ್‌ಗೆ ಐದಕ್ಕೆ ಐದು. ಹೊರಡುವಾಗ ಅವರ ಮೊಮ್ಮಗನನ್ನು ಕರೆದು, ಈ ಪುಸ್ತಕವನ್ನು ಯಾವತ್ತೂ ನಿಲ್ಲಿಸಬೇಡ ಎಂದು ಹೇಳಿ ಬಂದೆ. ಅವನು ಅದನ್ನೇ ಮೊಬೈಲ್‌ಗೂ ಏರಿಸುತ್ತಿದ್ದೇನೆಂದು ತೋರಿಸಿದ.

ಖಾನಾವಳಿ ಶುರುವಾಗಿ ನಾಲ್ಕು ತಿಂಗಳಾಯಿತು. ಮೊದಲ ದಿನವೇ ಕಪಾಟಿನ ಪ್ರತಿ ಹಲಗೆಗೂ ಒಂದು ರಟ್ಟಿನ ಚೀಟಿ ಕಟ್ಟಿದೆ, ನಮ್ಮ ನೌಕಾಪಡೆಯ ಸ್ಟೋರ್‌ನಲ್ಲಿ ಕಪಾಟಿಗೆ ಕಟ್ಟುತ್ತಿದ್ದ ಬಿನ್ ಕಾರ್ಡ್‌ನಂತೆಯೇ. ಕೊಬ್ಬರಿ ಎಣ್ಣೆ ಎಷ್ಟು ಡಬ್ಬಿ, ಕೋಕಂ ಎಷ್ಟು ಕಿಲೋ, ಬಂದ ದಿನ, ತೆಗೆದ ದಿನ. ತಟ್ಟೆಯ ಚೀಟಿಯಲ್ಲಿ "ಬಿಳಿ, ಆಳ, 53" ಎಂದು ಬರೆದೆ. ಖಾನಾವಳಿಗೆ ಇಷ್ಟೆಲ್ಲ ಏಕೆ ಮಾಮಾ ಎಂದು ಅಳಿಯ ಮುಖ ಸಿಂಡರಿಸಿದ್ದ. ಕಳೆದ ವಾರ ಹೋದಾಗ 53ರ ಮೇಲೆ ಗೆರೆ ಎಳೆದಿತ್ತು. ಪಕ್ಕದಲ್ಲಿ ಅವನ ಅಕ್ಷರದಲ್ಲಿ 51, ಕೆಳಗೆ ತಾರೀಖು.